ಡಬ್ಬದ ಮೇಲಿನ ಹದಿನೈದು ಬಾರ್

ಕಾಫಿ ಯಂತ್ರಗಳನ್ನು ಮಾರುವ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಂತ್ರವಲ್ಲ, ಅದರ ಡಬ್ಬದ ಮೇಲಿನ ಅಂಕಿ. ಒಂದರ ಮೇಲೆ 15 ಬಾರ್ ಎಂದಿರುತ್ತದೆ, ಪಕ್ಕದ್ದರ ಮೇಲೆ 19, ಅದರಾಚೆಯದರ ಮೇಲೆ 20. "ಇದು ಟ್ವೆಂಟಿ ಬಾರ್ ಸಾರ್, ಪವರ್ ಜಾಸ್ತಿ" ಎನ್ನುತ್ತಾನೆ ಮಾರಾಟದ ಹುಡುಗ. ಕೊಳ್ಳಲು ಬಂದ ತಂದೆ, ಇಪ್ಪತ್ತು ಹದಿನೈದಕ್ಕಿಂತ ದೊಡ್ಡದು ತಾನೇ ಎಂದು ತಲೆದೂಗುತ್ತಾರೆ. ಜೊತೆಗಿರುವ ಮಗಳು ಶಾಲೆಯಲ್ಲಿ ಒತ್ತಡದ ಪಾಠ ಓದಿದವಳಾದರೆ ಒಂದು ಪ್ರಶ್ನೆ ಕೇಳಬಹುದು: "ಅಪ್ಪಾ, ಬಾರ್ ಅಂದ್ರೆ ಒತ್ತಡದ ಅಳತೆ. ಕಾಫಿ ಪುಡಿಗೆ ಬೇಕಾದ ಒತ್ತಡ ಎಷ್ಟು?"

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಈ ಯಂತ್ರಗಳ ಬೆಲೆ ಹತ್ತು ಹದಿನೈದು ಸಾವಿರ ರೂಪಾಯಿಗಳಿಂದ ಹೊರಟು ಲಕ್ಷವನ್ನೂ ದಾಟುತ್ತದೆ. ತಿಂಗಳ ಕಂತಿನಲ್ಲಿ ಕೊಳ್ಳುವ ಮನೆಗಳೂ ಉಂಟು. ಅಷ್ಟು ಹಣಕ್ಕೆ ಬರುವುದೇನು ಎಂದು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ ಸಾಕು.

ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಒಂದು ಬಟ್ಟಲು ಎಸ್ಪ್ರೆಸೊಗೆ ಅಳತೆಗಳನ್ನು ಗೊತ್ತುಮಾಡಿದೆ. ಪುಡಿ 7 ಗ್ರಾಂ, ಯಂತ್ರದಿಂದ ಹೊರಬೀಳುವ ನೀರಿನ ಉಷ್ಣತೆ 88 ಡಿಗ್ರಿ ಸೆಲ್ಸಿಯಸ್, ಒತ್ತಡ 9 ಬಾರ್, ಕಾಲ 25 ಸೆಕೆಂಡು, ಬಟ್ಟಲಿಗೆ ಇಳಿಯುವ ಕಾಫಿ 25 ಮಿಲಿಲೀಟರ್. ಪ್ರತಿಯೊಂದರಲ್ಲೂ ತುಸು ಹೆಚ್ಚುಕಡಿಮೆಗೆ ಅವಕಾಶ ಉಂಟು. ಬೇರೆ ಕಡೆಗಳಲ್ಲಿ ಪುಡಿಯನ್ನು 14ರಿಂದ 18 ಗ್ರಾಂವರೆಗೂ, ನೀರನ್ನು 90ರಿಂದ 96 ಡಿಗ್ರಿಯವರೆಗೂ ಬಳಸುವುದು ವಾಡಿಕೆ. ಒತ್ತಡ ಮಾತ್ರ ಎಲ್ಲೆಡೆ ಸುಮಾರು 9 ಬಾರ್.

ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ. ಒಂಬತ್ತು ಬಾರ್ ಎಂದರೆ 90 ಮೀಟರ್ ಆಳದ ನೀರಿನ ತಳದಲ್ಲಿ ನೀರು ಹಾಕುವಷ್ಟು ಒತ್ತಡ. ದೊಡ್ಡ ಯಂತ್ರಗಳಲ್ಲಿ ಪುಡಿ ತುಂಬುವ ಜಾಲರಿ ಬಟ್ಟಲಿನ ವ್ಯಾಸ 58 ಮಿಲಿಮೀಟರ್. ವೃತ್ತದ ವಿಸ್ತೀರ್ಣದ ಸೂತ್ರ ಹಾಕಿದರೆ 26 ಚದರ ಸೆಂಟಿಮೀಟರಿಗೆ ತುಸು ಹೆಚ್ಚು. ಒಂಬತ್ತು ಬಾರ್‌ನಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 240 ಕಿಲೋ ಭಾರಕ್ಕೆ ಸಮ. ಅಂಗೈಯಲ್ಲಿ ಹಿಡಿಸುವ ಬಟ್ಟಲಿನ ಮೇಲೆ ಐವತ್ತು ಕಿಲೋದ ಐದು ಅಕ್ಕಿ ಮೂಟೆ ಹೇರಿದಂತೆ! ಆ ಬಟ್ಟಲಿನ ಹಿಡಿಕೆ ಅಷ್ಟು ದಪ್ಪವಾಗಿ, ತಿರುಗಿಸಿ ಬಿಗಿಯುವಂತೆ ಇರುವುದಕ್ಕೆ ಇದೇ ಕಾರಣ. ಯಂತ್ರ ನಡೆಯುತ್ತಿರುವಾಗ ಅದನ್ನು ಬಿಚ್ಚಬಾರದು ಎಂದು ಮಕ್ಕಳಿಗೆ ಹೇಳಿಕೊಡಬೇಕಾದುದಕ್ಕೂ ಇದೇ ಕಾರಣ.

ಹಾಗಾದರೆ ಡಬ್ಬದ ಮೇಲೆ 15, 20 ಏಕೆ? ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಕಂಪನ ಪಂಪು. ವಿದ್ಯುತ್ಕಾಂತವೊಂದು ಪುಟ್ಟ ಕೊಂತವನ್ನು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡಿಸುತ್ತದೆ. ಗುರ್ರೆನ್ನುವ ಸದ್ದು ಅದರದೇ. ಈ ಪಂಪಿನ ಹೊರದಾರಿಯನ್ನು ಪೂರ್ತಿ ಮುಚ್ಚಿದಾಗ ಅದು ಏರಿಸಬಲ್ಲ ಗರಿಷ್ಠ ಒತ್ತಡವೇ ಡಬ್ಬದ ಮೇಲಿನ ಅಂಕಿ. ಹೂಗಿಡಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದಾಗ ಒಳಗೆ ಒತ್ತಡ ಏರುತ್ತದಲ್ಲ, ಹಾಗೆ. ಆ ಒತ್ತಡದಲ್ಲಿ ಗಿಡಕ್ಕೆ ಒಂದು ಹನಿಯೂ ಬೀಳುವುದಿಲ್ಲ. ನೀರು ಹರಿಯತೊಡಗಿದರೆ ಒತ್ತಡ ಇಳಿಯುತ್ತದೆ. ಒಳ್ಳೆಯ ಯಂತ್ರದಲ್ಲಿ ಹೆಚ್ಚಿನ ಒತ್ತಡವನ್ನು ಬಿಡಿಸಿ ನೀರನ್ನು ತೊಟ್ಟಿಗೆ ಮರಳಿಸುವ ಒಂದು ಕವಾಟವಿದ್ದು, ಅದನ್ನು 9 ಬಾರ್‌ನ ಆಸುಪಾಸಿಗೆ ಹೊಂದಿಸಿರುತ್ತಾರೆ. ಆದ್ದರಿಂದ ಇಪ್ಪತ್ತು ಬಾರ್‌ನ ಯಂತ್ರ ಹದಿನೈದರದ್ದಕ್ಕಿಂತ ಒಳ್ಳೆಯ ಕಾಫಿ ಕೊಡುತ್ತದೆಂಬುದಕ್ಕೆ ಆಧಾರವಿಲ್ಲ. ನಿಜವಾಗಿ ಅಷ್ಟು ಒತ್ತಡ ಬಿದ್ದರೆ ಪುಡಿ ಗಟ್ಟಿಯಾಗಿ ಅದುಮಿಕೊಂಡು, ಕೆರೆ ಏರಿಯಲ್ಲಿ ದುರ್ಬಲ ಜಾಗ ಹುಡುಕುವಂತೆ ನೀರು ಎಲ್ಲೋ ಒಂದು ಕಡೆ ಕಂಡಿ ಕೊರೆದು ಸುರಿದುಹೋಗುತ್ತದೆ. ಉಳಿದ ಪುಡಿ ಇದ್ದಂತೆಯೇ ಇರುತ್ತದೆ.

ಇನ್ನೊಂದು ಬಗೆಯ ಯಂತ್ರವೂ ಎಸ್ಪ್ರೆಸೊ ಹೆಸರಿನಲ್ಲೇ ಅಗ್ಗಕ್ಕೆ ಮಾರಾಟವಾಗುತ್ತದೆ. ಅದರಲ್ಲಿ ಪಂಪೇ ಇಲ್ಲ. ಆವಿಯ ಒತ್ತಡವೇ ನೀರನ್ನು ಪುಡಿಯ ಮೂಲಕ ತಳ್ಳುತ್ತದೆ. ಇದು ಎಸ್ಪ್ರೆಸೊದ ಬಾಲ್ಯಾವಸ್ಥೆ ಎನ್ನಬಹುದು. ಇಟಲಿಯ ಟುರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲೂ ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲೂ ಪೇಟೆಂಟ್ ಪಡೆದ ಯಂತ್ರಗಳು ಆವಿಯನ್ನೇ ನಂಬಿದ್ದವು. ಆವಿಯಲ್ಲಿ ಒಂದು ತೊಡಕಿದೆ. ಒತ್ತಡ ಏರಬೇಕಾದರೆ ಉಷ್ಣತೆಯೂ ಏರಲೇಬೇಕು. ಅಡುಗೆಮನೆಯ ಕುಕ್ಕರಿನಲ್ಲಿ ಹೊರಗಿನದಕ್ಕಿಂತ ಒಂದು ಬಾರ್ ಹೆಚ್ಚು ಒತ್ತಡ ಬಂದಾಗ ಒಳಗಿನ ಉಷ್ಣತೆ ಸುಮಾರು 120 ಡಿಗ್ರಿ. ಒಂಬತ್ತು ಬಾರ್ ಹೆಚ್ಚು ಬೇಕೆಂದರೆ ನೀರನ್ನು 180 ಡಿಗ್ರಿಗೆ ಕಾಯಿಸಬೇಕು. ಆ ನೀರು ಕಾಫಿಯನ್ನು ಸುಟ್ಟೇಬಿಡುತ್ತದೆ. ಅದಕ್ಕೇ ಆವಿಯಂತ್ರಗಳು ಒಂದೂವರೆ ಬಾರ್‌ನ ಹತ್ತಿರವೇ ನಿಂತುಹೋದವು. ಅವುಗಳ ಕಾಫಿ ಸುಟ್ಟ ಕಹಿಯಿಂದಲೂ ತಪ್ಪಿಸಿಕೊಳ್ಳಲಿಲ್ಲ.

ಈ ಗಂಟನ್ನು ಬಿಡಿಸಿದವನು ಮಿಲಾನಿನ ಅಕಿಲ್ಲೆ ಗಾಜ್ಜಿಯಾ. 1938ರಲ್ಲಿ ಪೇಟೆಂಟ್ ಪಡೆದು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸನ್ನೆಗೋಲು ಮತ್ತು ಕೊಂತದ ಯಂತ್ರವನ್ನು ಆತ ಮಾರುಕಟ್ಟೆಗೆ ತಂದ. ನೀರನ್ನು ಕಾಯಿಸುವ ಕೆಲಸ ಬೇರೆ, ಅದನ್ನು ಒತ್ತುವ ಕೆಲಸ ಬೇರೆ ಎಂದು ಪಾಲು ಮಾಡಿದ್ದೇ ಅವನ ಹೆಚ್ಚುಗಾರಿಕೆ. 1961ರಲ್ಲಿ ಎರ್ನೆಸ್ಟೊ ವಾಲೆಂಟೆಯ ಫಾಯೆಮಾ ಕಂಪನಿ ಸನ್ನೆಗೋಲಿನ ಜಾಗಕ್ಕೆ ವಿದ್ಯುತ್ ಪಂಪು ತಂದಿತು. ಆ ಯಂತ್ರಕ್ಕೆ ಇ61 ಎಂಬ ಹೆಸರು ಬಂದದ್ದು ಅದೇ ವರ್ಷ ಫೆಬ್ರವರಿಯಲ್ಲಿ ಇಟಲಿಯಲ್ಲಿ ಕಂಡ ಪೂರ್ಣ ಸೂರ್ಯಗ್ರಹಣದಿಂದ. ಇಂದು ಮನೆಗೆ ಬರುವ ಪಂಪಿನ ಯಂತ್ರಗಳೆಲ್ಲ ಈ ವಂಶದವು. ಆದ್ದರಿಂದ ಅಂಗಡಿಯಲ್ಲಿ "ಎಷ್ಟು ಬಾರ್?" ಎಂದು ಕೇಳುವುದಕ್ಕಿಂತ "ಪಂಪು ಇದೆಯೇ?" ಎಂದು ಕೇಳುವುದು ಜಾಣತನ. ಪಂಪಿಲ್ಲದ ಯಂತ್ರದ ಕೆಲಸವನ್ನು 1933ರಲ್ಲಿ ಬಂದ ಬಿಯಾಲೆಟ್ಟಿಯ ಮೋಕಾ ಪಾತ್ರೆ ಗ್ಯಾಸ್ ಒಲೆಯ ಮೇಲೆಯೇ ಮಾಡಿಕೊಡುತ್ತದೆ, ಇನ್ನೂ ಕಡಿಮೆ ಖರ್ಚಿನಲ್ಲಿ.

ಒತ್ತಡದ ಮಾತು ಇಷ್ಟಕ್ಕೆ ಸಾಕು. ಕಾಫಿಯ ಹದ ನಿಜವಾಗಿ ನಿರ್ಧಾರವಾಗುವುದು ಪುಡಿಯಲ್ಲಿ.

ಒಂದು ಸೆಂಟಿಮೀಟರ್ ಅಂಚಿನ ಘನವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ ವಿಸ್ತೀರ್ಣ 60. ಮಿಲಿಮೀಟರಿನ ಹತ್ತನೇ ಒಂದರಷ್ಟು ಅಂಚಿನ ಹತ್ತು ಲಕ್ಷ ಘನಗಳಾಗಿಸಿದರೆ 600. ಪದಾರ್ಥ ಅಷ್ಟೇ, ನೀರಿಗೆ ಸಿಗುವ ಮೈ ಮಾತ್ರ ನೂರು ಪಟ್ಟು. ಎಸ್ಪ್ರೆಸೊಗೆ ಸಿಗುವುದು ಇಪ್ಪತ್ತೈದು ಸೆಕೆಂಡು ಮಾತ್ರ. ಅಷ್ಟರೊಳಗೆ ಸತ್ವ ಇಳಿಯಬೇಕಾದರೆ ಪುಡಿ ಬಲು ನುಣುಪಾಗಿರಬೇಕು. ನುಣುಪು ಮಾತ್ರವಲ್ಲ, ಸಮನಾಗಿಯೂ ಇರಬೇಕು. ಅತಿ ಸಣ್ಣ ಕಣದಿಂದ ಬೇಡದ ಕಹಿಯೂ ಇಳಿಯುತ್ತದೆ. ಅದೇ ಹೊತ್ತಿಗೆ ದಪ್ಪ ಕಣದಿಂದ ಹುಳಿ ಮಾತ್ರ ಇಳಿದು ಸಿಹಿ, ಪರಿಮಳಗಳು ಒಳಗೇ ಉಳಿಯುತ್ತವೆ. ಎರಡೂ ಒಂದೇ ಬಟ್ಟಲಿಗೆ ಬಿದ್ದರೆ ಹುಳಿಗಹಿಯ ಕಷಾಯ.

ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಹೊಡೆದು ಒಡೆಯುತ್ತದೆ. ಸಿಕ್ಕಿದ್ದು ಧೂಳಾಗುತ್ತದೆ, ತಪ್ಪಿಸಿಕೊಂಡದ್ದು ನುಚ್ಚಾಗಿ ಉಳಿಯುತ್ತದೆ. ಬರ್ ಗ್ರೈಂಡರ್ ಎಂಬುದು ಅಜ್ಜಿಯ ಬೀಸುಕಲ್ಲಿನ ಮೊಮ್ಮಗು. ಹಲ್ಲುಗಳಿರುವ ಎರಡು ತಟ್ಟೆಗಳ, ಇಲ್ಲವೇ ಒಂದರೊಳಗೊಂದು ಕೂರುವ ಎರಡು ಶಂಕುಗಳ ನಡುವಿನ ಸಂದಿನಲ್ಲಿ ಬೀಜ ಅರೆಯುತ್ತದೆ. ಸಂದಿಗಿಂತ ದಪ್ಪ ಕಣ ಹೊರಬರಲಾರದು. ಆ ಸಂದನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಲು ಬರುತ್ತದೆಯೇ ಎಂಬುದೇ ಗ್ರೈಂಡರಿನ ಯೋಗ್ಯತೆ. ಏಕೆಂದರೆ 25 ಸೆಕೆಂಡನ್ನು ಹಿಡಿಯುವ ಹಗ್ಗ ಅದೊಂದೇ. ಕಾಫಿ ಹತ್ತು ಸೆಕೆಂಡಿನಲ್ಲೇ ಸುರಿದುಬಿಟ್ಟರೆ ಸಂದು ಕಿರಿದಾಗಬೇಕು, ತೊಟ್ಟಿಕ್ಕುತ್ತ ನಿಂತರೆ ಹಿಗ್ಗಬೇಕು. ನಲವತ್ತು ಸಾವಿರ ಖರ್ಚು ಮಾಡಲು ನಿಶ್ಚಯಿಸಿದವರು ಅಷ್ಟನ್ನೂ ಯಂತ್ರಕ್ಕೇ ಸುರಿದು, ಫಿಲ್ಟರಿಗೆಂದು ಬೀಸಿದ ಅಂಗಡಿ ಪುಡಿ ತಂದು ಹಾಕುವುದು ಹಣದ ದುರ್ವ್ಯಯ. ಫಿಲ್ಟರಿನ ಪುಡಿ ಎಸ್ಪ್ರೆಸೊಗೆ ತರಿ. ಸಾಧಾರಣ ಯಂತ್ರಕ್ಕೆ ಒಳ್ಳೆಯ ಗ್ರೈಂಡರ್ ಸೇರಿದರೆ, ಗ್ರೈಂಡರಿಲ್ಲದ ದುಬಾರಿ ಯಂತ್ರವನ್ನು ಅದು ಸುಲಭವಾಗಿ ಸೋಲಿಸುತ್ತದೆ.

ಇಲ್ಲಿ ಒಂದು ಉಪಾಯದ ಬಗ್ಗೆ ಎಚ್ಚರ ಬೇಕು. ಎಸ್ಪ್ರೆಸೊದ ಮೇಲೆ ಕಟ್ಟುವ ಹೊಂಬಣ್ಣದ ನೊರೆಗೆ ಕ್ರೇಮಾ ಎನ್ನುತ್ತಾರೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರುತ್ತದೆ. ಹೆಚ್ಚಿನ ಒತ್ತಡದಲ್ಲಿ ಅದು ನೀರಿನಲ್ಲಿ ಕರಗಿ, ಬಟ್ಟಲಿಗೆ ಬಿದ್ದು ಒತ್ತಡ ಇಳಿದಾಗ ಸೋಡಾ ಬಾಟಲಿಯ ಬಿರಡೆ ತೆಗೆದಂತೆ ಗುಳ್ಳೆಗಳಾಗಿ ಮೇಲೇಳುತ್ತದೆ. ಹುರಿದು ಬಹಳ ದಿನವಾದ ಬೀಜದಲ್ಲಿ, ಅದಕ್ಕಿಂತಲೂ ಬೀಸಿಟ್ಟ ಪುಡಿಯಲ್ಲಿ, ಅನಿಲ ಹಾರಿಹೋಗಿ ನೊರೆ ಏಳುವುದಿಲ್ಲ. ಅದನ್ನು ಮರೆಸಲು ಅಗ್ಗದ ಯಂತ್ರಗಳಲ್ಲಿ ಎರಡು ಗೋಡೆಯ ಜಾಲರಿ ಬಟ್ಟಲು ಕೊಡುತ್ತಾರೆ. ಅದರ ತಳದಲ್ಲಿ ಸೂಜಿಮೊನೆಯಷ್ಟು ಒಂದೇ ರಂಧ್ರ. ಅದರಿಂದ ಚಿಮ್ಮಿದ ಕಾಫಿ ಹಳೆಯ ಪುಡಿಯದಾದರೂ ನೊರೆಯೇಳುತ್ತದೆ. ರುಚಿ ಮಾತ್ರ ಹಳೆಯದೇ. ಕಲಿಯುವವರಿಗೆ ಅದು ಒಂದು ಊರುಗೋಲು ಎಂದುಕೊಂಡರೆ ತಪ್ಪಲ್ಲ. ಆದರೆ ಒಂದೇ ಗೋಡೆಯ ಬಟ್ಟಲೂ ಜೊತೆಗೆ ಬರುತ್ತದೆಯೇ ಎಂದು ಡಬ್ಬ ಬಿಚ್ಚಿಸಿ ನೋಡಬೇಕು.

ತಾಜಾ ಬೀಜದ ಮಟ್ಟಿಗೆ ಕನ್ನಡಿಗರು ಅದೃಷ್ಟವಂತರು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಅದನ್ನು ಕೊಳ್ಳುವ ದೇಶಗಳಲ್ಲಿ ಬಹುಕಾಲದಿಂದ ಮುಂದಿರುವುದು ಇಟಲಿಯೇ. ದಟ್ಟ ನೊರೆಗಾಗಿ ಎಸ್ಪ್ರೆಸೊ ಮಿಶ್ರಣಗಳಿಗೆ ರೊಬಸ್ಟಾ ಸೇರಿಸುವ ರೂಢಿ ಅಲ್ಲಿದೆ. ಹೀಗಾಗಿ ಹಡಗೇರಿ ಹೋದ ಕಾಫಿಯೇ ಬಣ್ಣದ ಪೊಟ್ಟಣದಲ್ಲಿ ನಾಲ್ಕು ಪಟ್ಟು ಬೆಲೆಗೆ ಮರಳಿ ಬಂದರೆ ಆಶ್ಚರ್ಯಪಡಬೇಕಿಲ್ಲ. ಹುರಿದ ದಿನಾಂಕ ಅಚ್ಚಾದ ಊರ ಕಾಫಿ ಸಿಗುವಾಗ ಅದನ್ನು ತರಿಸುವ ಅಗತ್ಯವೂ ಇಲ್ಲ.

ಈಗ ಬೀಜದಿಂದ ಬಟ್ಟಲವರೆಗಿನ ಎಲ್ಲ ಕೆಲಸವನ್ನೂ ತಾನೇ ಮಾಡುವ ಯಂತ್ರ. ಮೇಲೆ ಬೀಜ, ಹಿಂದೆ ನೀರು, ಮುಂದೆ ಗುಂಡಿ. ಒತ್ತಿದರೆ ಒಳಗೇ ಬೀಸಿ, ಅದುಮಿ, ಕಾಫಿ ಇಳಿಸಿ, ಹಿಂಡಿದ ಗಸಿಯ ಬಿಲ್ಲೆಯನ್ನು ಒಂದು ಪೆಟ್ಟಿಗೆಗೆ ಬೀಳಿಸುತ್ತದೆ. ನುರಿತ ಕೈ ತೆಗೆದ ಎಸ್ಪ್ರೆಸೊದ ಎತ್ತರಕ್ಕೆ ಇದು ಏರದು. ಆದರೆ ನಿದ್ದೆಗಣ್ಣಿನಲ್ಲಿ ಗುಂಡಿ ಒತ್ತಿದರೂ ನಿನ್ನೆಯ ರುಚಿಯೇ ಇಂದೂ ಸಿಗುತ್ತದೆ. ವಯಸ್ಸಾದ ತಂದೆತಾಯಿ ಇರುವ, ಬೆಳಿಗ್ಗೆ ಎಲ್ಲರೂ ಬಸ್ಸಿಗೆ ಓಡುವ ಮನೆಗೆ ಇದೇ ಮೇಲು. ಕೈಯಿಂದ ಮಾಡುವ ಯಂತ್ರ ಸಂಗೀತದ ವಾದ್ಯದಂತೆ, ಅಭ್ಯಾಸ ಬೇಡುತ್ತದೆ. ಮೊದಲ ವಾರಗಳಲ್ಲಿ ಹಾಳಾಗುವ ಪುಡಿಯನ್ನೂ ಖರ್ಚಿಗೆ ಸೇರಿಸಬೇಕು.

ಸ್ವಯಂಚಾಲಿತ ಯಂತ್ರದ ಶತ್ರು ತೇವ. ಗಸಿಯ ಪೆಟ್ಟಿಗೆಯನ್ನು ಎರಡು ಮೂರು ದಿನ ಮರೆತರೆ, ಅದರಲ್ಲೂ ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ, ಬೂಷ್ಟು ಹಿಡಿಯುತ್ತದೆ. ಕಾಫಿ ಇಳಿಸುವ ಒಳಭಾಗವನ್ನು ಹೊರಕ್ಕೆಳೆದು ನಲ್ಲಿಯ ಕೆಳಗೆ ತೊಳೆಯಲು ಬರುವ ಮಾದರಿಗಳಿವೆ. ಒಳಗೇ ಕೂತು, ಮಾತ್ರೆ ಹಾಕಿ ಶುಚಿಮಾಡಬೇಕಾದವೂ ಇವೆ. ತೊಳೆಯಲು ಬರುವುದೇ ಸರಿ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜವೂ ಇವಕ್ಕೆ ಆಗದು, ಗ್ರೈಂಡರಿನ ದಾರಿಗೆ ಅಂಟಿಕೊಳ್ಳುತ್ತದೆ.

ಅದಕ್ಕಿಂತ ದೊಡ್ಡ ಅಡ್ಡಿ ಚಿಕೋರಿ. ಎಷ್ಟೋ ಮನೆಗಳಲ್ಲಿ ಕಾಫಿ ಎಂದರೆ ಚಿಕೋರಿ ಬೆರೆತ ಡಿಕಾಕ್ಷನ್ನೇ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪಾಲು ಇರಬೇಕೆಂಬುದು ಭಾರತದ ನಿಯಮ. ಅಂದರೆ 49 ಪಾಲಿನವರೆಗೂ ಚಿಕೋರಿ ಇರಬಹುದು. ಚಿಕೋರಿ ಒಂದು ಬೇರು, ಬೀಜವಲ್ಲ. ಹುರಿದು ಪುಡಿಮಾಡಿದ ಅದರ ಬಹುಪಾಲು ನೀರಿನಲ್ಲಿ ಕರಗುತ್ತದೆ. ಹುರಿದ ಕಾಫಿಯಲ್ಲಾದರೋ ಕರಗಬಲ್ಲದ್ದು ಮೂರನೇ ಒಂದು ಪಾಲಿಗೂ ಕಡಿಮೆ. ಒತ್ತಡದ ಬಿಸಿನೀರಿಗೆ ಸಿಕ್ಕ ಚಿಕೋರಿ ಪಾಕದಂತೆ ಅಂಟಾಗಿ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ. ಆದ್ದರಿಂದ ಈ ಯಂತ್ರ ತಂದ ಮನೆ ಚಿಕೋರಿಯ ರುಚಿ ಬಿಡಲು ಸಿದ್ಧವಾಗಿರಬೇಕು. ಅಜ್ಜನಿಗೆ ಆ ಗಾಢ ಬಣ್ಣ, ಆ ಮಂದ ಕಹಿಯೇ ಬೇಕೆಂದಾದರೆ ಸ್ಟೀಲ್ ಫಿಲ್ಟರನ್ನು ಅಟ್ಟಕ್ಕೆ ಹಾಕುವಂತಿಲ್ಲ. ನೆಂಟರು ಬಂದ ದಿನವೂ ಅದೇ ಬೇಕಾಗುತ್ತದೆ. ಒಂದೊಂದೇ ಬಟ್ಟಲು ತೆಗೆಯುವ ಯಂತ್ರದಿಂದ ಎಂಟು ಜನಕ್ಕೆ ಹಾಲು ಬೆರೆಸಿ ಕೊಡುವಷ್ಟರಲ್ಲಿ ಮೊದಲನೆಯವರ ಲೋಟ ತೊಳೆದಿಟ್ಟಿರುತ್ತಾರೆ.

ಹಾಲಿನ ಲೆಕ್ಕವೂ ಸ್ವಾರಸ್ಯದ್ದು. ಯಂತ್ರದ ಪಕ್ಕದ ಕೊಳವೆಯಿಂದ ಆವಿ ಹಾಯಿಸಿ ಹಾಲನ್ನು ಬಿಸಿ ಮಾಡುತ್ತಾರೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 2260 ಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಫ್ರಿಜ್ಜಿನಿಂದ ತೆಗೆದ 150 ಗ್ರಾಂ ಹಾಲನ್ನು 5 ಡಿಗ್ರಿಯಿಂದ 65ಕ್ಕೆ ಏರಿಸಲು 35 ಸಾವಿರ ಜೂಲ್ ಬೇಕು. ಹದಿನೈದು ಗ್ರಾಂ ಆವಿ ಸಾಕು. ಆವಿಯ ಸುಟ್ಟಗಾಯ ಕುದಿನೀರಿನದಕ್ಕಿಂತ ಏಕೆ ಭಯಂಕರ ಎಂಬುದೂ ಇದೇ ಅಂಕಿಯಲ್ಲಿದೆ. ತೊಂದರೆಯೆಂದರೆ ಕಾಫಿಗೆ ಬೇಕಾದ ನೀರು 90ರ ಆಸುಪಾಸಿನಲ್ಲಿ, ಆವಿಗೆ ಬೇಕಾದದ್ದು 120ರ ಮೇಲೆ. ಒಂದೇ ಬಾಯ್ಲರಿನ ಯಂತ್ರ ಕಾಯಬೇಕು, ಆರಬೇಕು, ಮತ್ತೆ ಕಾಯಬೇಕು. ಎರಡು ಬಾಯ್ಲರಿನವು ಎರಡನ್ನೂ ಒಟ್ಟಿಗೆ ಕೊಡುತ್ತವೆ, ಬೆಲೆಯೂ ಹಾಗೆಯೇ. ಒಲೆಯ ಮೇಲೆ ಕಾಸಿದ ಹಾಲನ್ನೇ ಬೆರೆಸಿದರೆ ಯಾವ ಅಪಚಾರವೂ ಇಲ್ಲ, ಹಣ ಉಳಿಯುತ್ತದೆ.

ಯಂತ್ರಗಳ ಆಯುಸ್ಸನ್ನು ಕಡಿಮೆ ಮಾಡುವುದು ಗಡಸು ನೀರು. ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟಾಗಿ ಒತ್ತರಿಸುತ್ತದೆ. ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪದರ ಇದೇ. ಕಾಫಿ ಯಂತ್ರದ ಸಣ್ಣ ಕೊಳವೆಗಳಲ್ಲಿ ಅದು ರಕ್ತನಾಳದ ಕೊಬ್ಬಿನಂತೆ. ತಯಾರಕರು ಹೇಳಿದ ಅವಧಿಗೆ, ಅವರು ಹೇಳಿದ ಆಮ್ಲದಿಂದಲೇ ಅದನ್ನು ಕರಗಿಸಿ ತೆಗೆಯಬೇಕು. ಹಾಗೆಂದು ಎಲ್ಲ ಲವಣವನ್ನೂ ಕಳೆದ ಆರ್‌ಓ ನೀರೂ ಆದರ್ಶವಲ್ಲ, ಅದರ ಕಾಫಿ ಸಪ್ಪೆ. ನೀರಿನ ವಿದ್ಯುದ್ವಾಹಕತೆಯಿಂದ ಮಟ್ಟ ಅಳೆಯುವ ಬಾಯ್ಲರುಗಳಿಗೆ ಅಂಥ ನೀರು ಇದೆಯೆಂಬುದೇ ಗೊತ್ತಾಗದೆ ಹೋಗಬಹುದು. ಮೃದುವಾದ ನಲ್ಲಿ ನೀರು ಸೋಸಿ ಬಳಸುವುದು ಲೇಸು. ಇನ್ನು 1500 ವಾಟಿನ ಯಂತ್ರ 230 ವೋಲ್ಟಿನಲ್ಲಿ ಎಳೆಯುವ ವಿದ್ಯುತ್ತು ಆರೂವರೆ ಆಂಪಿಯರ್. ಫ್ಯಾನು ಹಾಕುವ ಸಣ್ಣ ಪ್ಲಗ್ಗು ಸಾಲದು, ಭೂಸಂಪರ್ಕವಿರುವ ಪವರ್ ಪ್ಲಗ್ಗೇ ಬೇಕು.

ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ವಿಚಾರವಿದೆ. ಡಿಕಾಕ್ಷನ್ ಹಾಕಲು, ಹಾಲು ಕಾಸಲು ಬೇಕಾದ ಶ್ರಮವೇ ಇಷ್ಟು ದಿನ ಒಂದು ಕಡಿವಾಣವಾಗಿತ್ತು. ಗುಂಡಿ ಒತ್ತಿದರೆ ಕಾಫಿ ಬರುವಾಗ ಆ ಕಡಿವಾಣ ಇರುವುದಿಲ್ಲ. ಅರೇಬಿಕಾದ ತೂಕದಲ್ಲಿ ಕೆಫೀನ್ ಸುಮಾರು ಶೇಕಡಾ 1.2, ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅಂದರೆ 14 ಗ್ರಾಂ ಅರೇಬಿಕಾದ ಡಬಲ್ ಬಟ್ಟಲಿನ ಪುಡಿಯಲ್ಲಿ ಸುಮಾರು 170 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 3 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಎಂದಿತು. ಐವತ್ತು ಕಿಲೋದ ವಿದ್ಯಾರ್ಥಿಗೆ ಅದು 150. ಡಬಲ್ ಗುಂಡಿಯ ಒಂದೇ ಬಟ್ಟಲಿಗೆ ದಿನದ ಪಾಲು ಹೆಚ್ಚುಕಡಿಮೆ ಮುಗಿಯಿತು. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದದ್ದರ ಅರ್ಧ ಬೆಳಗಿನ ಜಾವ ಮೂರಕ್ಕೂ ರಕ್ತದಲ್ಲಿರುತ್ತದೆ. ಎಚ್ಚರವಿದ್ದು ಓದಿದ್ದು ನೆನಪಿನಲ್ಲಿ ನೆಲೆಯಾಗಲು ಬೇಕಾದ ನಿದ್ದೆಗೇ ಅದು ಸಂಚಕಾರ.

ಹಣದ ಲೆಕ್ಕವನ್ನು ಮಕ್ಕಳೇ ಹಾಕಬಹುದು. ಅರವತ್ತು ಸಾವಿರದ ಯಂತ್ರ ಐದು ವರ್ಷ ಬಾಳಿ, ದಿನಕ್ಕೆ ಎರಡು ಬಟ್ಟಲು ಕೊಟ್ಟಿತೆನ್ನೋಣ. ಒಟ್ಟು 3650 ಬಟ್ಟಲು. ಯಂತ್ರದ ಬಾಬ್ತೇ ಬಟ್ಟಲಿಗೆ ಹದಿನಾರು ರೂಪಾಯಿ ದಾಟಿತು, ಬೀಜ, ಹಾಲು, ವಿದ್ಯುತ್ತು ಬೇರೆ. ಆರು ಬಟ್ಟಲು ಕುಡಿಯುವ ಮನೆಯಲ್ಲಿ ಅದು ಸುಮಾರು ಐದೂವರೆ ರೂಪಾಯಿ. ರಿಪೇರಿಗೆ ಯಂತ್ರವನ್ನು ಬೆಂಗಳೂರಿಗೆ ಹೊರಬೇಕಾದ ಊರಿನವರು ಆ ಪ್ರಯಾಣವನ್ನೂ ಕೂಡಿಸಿಕೊಳ್ಳಬೇಕು.

ಕೊಳ್ಳುವ ದಿನ ಅಂಗಡಿಗೆ ಮನೆಯ ಬೀಜವನ್ನೇ ಒಯ್ದು, ಒಂದರ ಹಿಂದೊಂದು ನಾಲ್ಕು ಬಟ್ಟಲು ತೆಗೆಸಬೇಕು. ಮೊದಲನೆಯದನ್ನು ಎಲ್ಲ ಯಂತ್ರಗಳೂ ಚೆನ್ನಾಗಿಯೇ ಕೊಡುತ್ತವೆ, ಉಷ್ಣತೆ ಜಾರುವುದು ಮೂರನೆಯದರ ಹೊತ್ತಿಗೆ. ಮೊಬೈಲಿನ ಗಡಿಯಾರದಲ್ಲಿ ಸೆಕೆಂಡು ಎಣಿಸುವ ಕೆಲಸ ಮಗಳದು. ಆಮೇಲೆ ಗಸಿಯ ಪೆಟ್ಟಿಗೆಯನ್ನೂ ಕಾಫಿ ಇಳಿಸುವ ಒಳಭಾಗವನ್ನೂ ಮಾರಾಟದ ಹುಡುಗನಲ್ಲ, ಮನೆಯಲ್ಲಿ ದಿನಾ ತೊಳೆಯಲಿರುವವರೇ ಬಿಚ್ಚಿ ಮತ್ತೆ ಜೋಡಿಸಿ ನೋಡಬೇಕು. ಎರಡು ಸಲ ಪ್ರಯತ್ನಿಸಿದರೂ ಅದು ಸಲೀಸಾಗಿ ಕೂರದಿದ್ದರೆ, ಡಬ್ಬದ ಮೇಲೆ ಎಷ್ಟೇ ಬಾರ್ ಬರೆದಿರಲಿ, ಆ ಮಾದರಿಯನ್ನು ಅಲ್ಲೇ ಬಿಟ್ಟು ಪಕ್ಕದ್ದನ್ನು ತೋರಿಸಲು ಹೇಳಬೇಕು.